ಸೇತುವೆಯ ಮೇಲಿನ ನಾಲ್ಕು ಸೆಕೆಂಡು

ರಬ್ಬರ್ ಸೊಲ್ಯೂಷನ್ ವಾಸನೆ ಮೂಗಿಗೆ ಬಡಿದರೆ ಸಾಕು, ಇಸ್ತ್ರಿ ಅಕ್ಕ ಮತ್ತೆ ಏಳು ವರ್ಷದ ಹುಡುಗಿಯಾಗಿಬಿಡುತ್ತಿದ್ದಳು. ಅಪ್ಪನದು ಸೈಕಲ್ ರಿಪೇರಿ ಅಂಗಡಿ. ಗಾಳಿ ತುಂಬಿದ ಟ್ಯೂಬನ್ನು ಬೋಗುಣಿಯ ನೀರಿನಲ್ಲಿ ಮುಳುಗಿಸಿ, ಗುಳ್ಳೆ ಎಲ್ಲಿಂದ ಏಳುತ್ತದೆಂದು ನೋಡಿ ಬೆರಳಿಡುವುದು ಅವಳ ಪಾಲಿನ ಕೆಲಸ. ಅಪ್ಪ ಆ ಜಾಗವನ್ನು ಉಜ್ಜಿ, ಅಂಟು ಸವರಿ, ಮಗುವಿನ ಗಾಯಕ್ಕೆ ಊದುವ ಹಾಗೆ ಉಫ್ ಎಂದು ಊದಿ ಒಣಗಿಸುತ್ತಿದ್ದ. ಆ ವಾಸನೆಗೆ ತಲೆ ಹಗುರಾಗಿ ತೇಲುತ್ತಿತ್ತು; ಅಮ್ಮ ಊಟಕ್ಕೆ ಕೂಗಿದರೂ ಎದ್ದು ಹೋಗಲು ಮನಸ್ಸಾಗುತ್ತಿರಲಿಲ್ಲ.

ಐವತ್ತಮೂರನೆಯ ವಯಸ್ಸಿನಲ್ಲಿ ಅದೇ ವಾಸನೆ ಅವಳ ಅಡುಗೆಮನೆಯ ಮೇಜಿನಿಂದ ಎದ್ದಿತು. ಸೈಕಲ್ಲಿಗೆ ಕ್ಯಾಮೆರಾ ಸಿಕ್ಕಿಸಲು ಬಂದಿದ್ದ ಪ್ಲಾಸ್ಟಿಕ್ ಪಟ್ಟಿ ಅವಳ ಹಳೇ ಹ್ಯಾಂಡಲ್ಲಿಗೆ ಸಡಿಲವಾಗುತ್ತಿತ್ತು. ಹರಿದ ಟ್ಯೂಬಿನಿಂದ ಒಂದು ಬೆರಳಗಲ ಕತ್ತರಿಸಿ, ಹ್ಯಾಂಡಲ್ಲಿಗೆ ಸುತ್ತಿ ಅಂಟಿಸಿ, ಅದರ ಮೇಲೆ ಪಟ್ಟಿ ಬಿಗಿದಳು. ಅಲ್ಲಾಡಲಿಲ್ಲ.

"ಸೈಕಲ್ ಅಂಗಡಿಯವನ ಮಗಳು ಅನ್ನೋದು ಸುಮ್ನೆ ಅಲ್ಲ ನೋಡು," ಎಂದರು ಗಂಡ, ಕುರ್ಚಿಯಿಂದಲೇ.

ಅವಳು ದೊಡ್ಡ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ಇಸ್ತ್ರಿ ಮೇಜಿನ ಮುಂದೆ ನಿಂತವಳು. ಹಾಗಾಗಿ ದೊಡ್ಡ ಡಾಕ್ಟರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಇಸ್ತ್ರಿ ಅಕ್ಕ. ಗಂಡ ಮೂವತ್ತು ವರ್ಷ ಸಿಟಿ ಬಸ್ಸು ಓಡಿಸಿದವರು. ಸೊಂಟ ಮುರಿದು ಮನೆಯಲ್ಲಿ ಕೂತು ಮೂರು ವರ್ಷವಾದರೂ ಬೀದಿಯವರ ಬಾಯಲ್ಲಿ ಇನ್ನೂ ಡ್ರೈವರೇ.

ಕ್ಯಾಮೆರಾ ಬಂದದ್ದು ಒಂದು ಸಾಮಾನು ಸಾಗಿಸುವ ವ್ಯಾನಿನ ದೆಸೆಯಿಂದ. ಆ ವ್ಯಾನು ಬೆಳಗಿನ ಹೊತ್ತು ಇವಳನ್ನು ಸವರಿಕೊಂಡೇ ಹೋಗುತ್ತಿತ್ತು. ಎರಡನೇ ಸಲ ಚರಂಡಿಗೆ ಬಿದ್ದು ಮೊಣಕಾಲಿನ ಚರ್ಮ ಕಿತ್ತುಹೋಯಿತು. ಠಾಣೆಗೆ ಹೋದರೆ "ಸಾಕ್ಷಿ ಏನಿದೆಯಮ್ಮಾ?" ಎಂದರು. ಡ್ರೈವರಿಗೆ ಅದು ತಲೆಗೆ ಏರಿತು. ಹಳೇ ಡಿಪೋ ಗೆಳೆಯನಿಗೆ ಹೇಳಿ, ಇದ್ದುದರಲ್ಲೇ ಅಗ್ಗದ ಒಂದು ಕ್ಯಾಮೆರಾ ತರಿಸಿದರು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಅಗ್ಗದ ವಸ್ತುವಿನ ಚಾಳಿಗಳೆಲ್ಲ ಅದಕ್ಕಿದ್ದವು. ಚಾರ್ಜು ಮಾಡಲು ಬ್ಯಾಟರಿ ತೆಗೆದರೆ ತಾರೀಕು ಮರೆತು, ತಾನು ಹುಟ್ಟಿದ ದಿನಕ್ಕೆ ವಾಪಸು ಹೋಗುತ್ತಿತ್ತು. ಮಳೆ ತಾಗಬಾರದೆಂದು ಪ್ಲಾಸ್ಟಿಕ್ ಗೂಡಿನೊಳಗೆ ಮುಚ್ಚಿದರೆ ಕಿವುಡಾಗುತ್ತಿತ್ತು. ಗೊರಗೊರ ಬಿಟ್ಟರೆ ಯಾವ ಸದ್ದೂ ಇಲ್ಲ. ಮೂರು ಮೂರು ನಿಮಿಷದ ತುಂಡುಗಳಾಗಿ ಚಿತ್ರ ಹಿಡಿದು, ಕಾರ್ಡು ತುಂಬಿದ ಮೇಲೆ ಹಳೆಯದರ ಮೇಲೆ ಹೊಸದನ್ನು ಬರೆಯುತ್ತಿತ್ತು. ಮೂರು ದಿನದ ಹೋಗಿಬರುವ ದಾರಿಯಷ್ಟೇ ಅದರ ನೆನಪು. ಆದರೆ ಕಣ್ಣು ಮಾತ್ರ ಅಗಲ. ಎದುರಿನ ರಸ್ತೆಯ ಜೊತೆ ಎಡಬಲದ ಗೋಡೆ, ಗಿಡ, ನಾಯಿ, ಅವಳ ಎರಡು ಮುಂಗೈ, ಎಲ್ಲ ಅದರೊಳಗೆ ಬಾಗಿಕೊಂಡು ಕೂರುತ್ತಿದ್ದವು.

ಕ್ಯಾಮೆರಾ ಕಂಡ ಮೇಲೆ ವ್ಯಾನಿನವನು ಮಾರು ದೂರ ಸರಿದು ಹೋಗತೊಡಗಿದ. ಅಲ್ಲಿಗೆ ಅದರ ಕೆಲಸ ಮುಗಿಯಬೇಕಿತ್ತು. ಆದರೆ ಡ್ರೈವರು ಸಂಜೆ ಕಾರ್ಡನ್ನು ಟಿ.ವಿ.ಗೆ ಚುಚ್ಚಿ, ಹೆಂಡತಿ ಹೋಗಿಬಂದ ದಾರಿಯನ್ನು ಮೊದಲಿನಿಂದ ಕೊನೆಯತನಕ ನೋಡುವ ಅಭ್ಯಾಸ ಮಾಡಿಕೊಂಡರು. ಮೂರು ವರ್ಷದಿಂದ ಬೀದಿ ಕಾಣದ ಮನುಷ್ಯ.

"ಅಯ್ಯೋ ಅಯ್ಯೋ, ಇವನಿಗೆ ಲೈಸೆನ್ಸ್ ಕೊಟ್ಟ ಪುಣ್ಯಾತ್ಮ ಯಾರು! ಇಂಡಿಕೇಟರ್ ಅನ್ನೋದು ಗಾಡಿಗೆ ಶೋಕಿಗೆ ಇರೋದಾ? ಲೇ, ನೀನೂ ಅಷ್ಟೇ. ಎಡಕ್ಕೆ ತಿರುಗೋವಾಗ ಹಿಂದೆ ನೋಡಲ್ಲ."

"ಹಿಂದೆ ನೋಡಿದ್ರೆ ಮುಂದಿನ ಗುಂಡಿಗೆ ಬಿದ್ದಾಗ ನಿಮ್ಮಪ್ಪ ಬಂದು ಎತ್ತುತ್ತಾರಾ?"

"ನಮ್ಮಪ್ಪ ಬಂದ್ರೆ ಮೊದಲು ನಿನಗೆ ಫೈನ್ ಹಾಕ್ತಾರೆ."

ತಾನು ದಿನವೂ ಬೈದುಕೊಂಡು ತುಳಿಯುವ ದಾರಿ ಗಂಡನ ಮುಖಕ್ಕೆ ಇಷ್ಟು ಬೆಳಕು ತರುತ್ತದಲ್ಲ ಎಂದು, ಅವಳು ಕೆಲವು ದಿನ ಬೇಕೆಂದೇ ಡಿಪೋ ಮುಂದಿನ ರಸ್ತೆಯಲ್ಲಿ ಸುತ್ತಿ ಬರುತ್ತಿದ್ದಳು. ಅವರು ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

ಆ ದಾರಿಯಲ್ಲಿ ಅವಳಿಗೆ ಒಬ್ಬ ಗುರುತಿನವನಿದ್ದ. ಗುರುತು ಎಂದರೆ ಗುರುತಷ್ಟೇ. ಹೆಸರು ತಿಳಿಯದು, ದನಿ ಕೇಳಿದ್ದಿಲ್ಲ. ಬಾಟಲಿ ಕಾರ್ಖಾನೆಯಲ್ಲಿ ರಾತ್ರಿಪಾಳಿ ಮುಗಿಸಿ ಸೈಕಲ್ಲಿನಲ್ಲಿ ಮನೆಗೆ ಮರಳುವವನು. ಬಿಸಿಲಿರಲಿ, ಚಳಿಯಿರಲಿ, ತಲೆಗೊಂದು ಕೆಂಪು ಟೋಪಿ. ಅವಳು ಹೋಗುವಾಗ ಅವನು ಬರುತ್ತಿದ್ದ. ದೂರದಿಂದ ಅವನು ಒಂದು ಕೈ ಎತ್ತುವನು. ಅವಳು ಎರಡು ಸಲ ಗಂಟೆ ಬಾರಿಸಿ ತಾನೂ ಕೈ ಎತ್ತುವಳು. ಯಾರೂ ನಿಲ್ಲುತ್ತಿರಲಿಲ್ಲ. ಒಂಬತ್ತು ವರ್ಷ ನಡೆದ ವ್ಯವಹಾರ ಇಷ್ಟೇ. ಅವಳ ಗಡಿಯಾರವೂ ಅವನೇ. ಸೇತುವೆಯ ಮೇಲೆ ಸಿಕ್ಕರೆ ಸರಿಯಾದ ವೇಳೆ. ಸೇತುವೆಗೆ ಮೊದಲೇ ಸಿಕ್ಕರೆ ತಾನು ತಡ, ಜೋರಾಗಿ ತುಳಿಯಬೇಕು. ಒಂದು ಮಳೆಗಾಲದಲ್ಲಿ ಸೇತುವೆಯ ಕೊನೆಯಲ್ಲಿ ನೀರು ತುಂಬಿ ಗುಂಡಿ ಕಾಣದಂತಾದಾಗ, ಯಾರೋ ಅದರಲ್ಲಿ ಕೋಲು ನೆಟ್ಟು ಬಟ್ಟೆ ಕಟ್ಟಿದ್ದರು. ಮರುದಿನ ಕೆಂಪು ಟೋಪಿಯವನು ಹಾದುಹೋಗುತ್ತ ಅದರ ಕಡೆ ಬೆರಳು ತೋರಿಸಿ ನಕ್ಕಾಗ, ನೆಟ್ಟವರು ಯಾರೆಂದು ತಿಳಿಯಿತು.

ಬುಧವಾರ ಅವನು ಕಾಣಲಿಲ್ಲ. ಪಾಳಿ ಬದಲಾಗಿರಬೇಕು ಎಂದುಕೊಂಡಳು. ಗುರುವಾರ ಸೇತುವೆಯ ಮೇಲೆ ಒಬ್ಬ ಹೆಂಗಸು, ಎದೆಗೆ ಒಂದು ಫೋಟೋ ಒತ್ತಿ ಹಿಡಿದು, ಹೋಗಿಬರುವವರನ್ನೆಲ್ಲ ನಿಲ್ಲಿಸುತ್ತಿದ್ದಳು. ಬೈಕಿನವರು ತಲೆಯಾಡಿಸಿ ಹೋಗುತ್ತಿದ್ದರು. ರಸ್ತೆ ಗುಡಿಸುವವಳು ಪೊರಕೆ ಗೋಡೆಗೆ ಒರಗಿಸಿ, ತನ್ನ ಮಡಿಸುವ ಸ್ಟೂಲನ್ನು ತಂದು ಆಕೆಯ ಹಿಂದೆ ಇಟ್ಟು ಹೋದಳು. ಆಕೆ ಅದನ್ನು ನೋಡಲೂ ಇಲ್ಲ.

"ಅಕ್ಕಾ, ಒಂದ್ನಿಮಿಷ. ಇವರನ್ನ ನೋಡಿದ್ರಾ? ಮಂಗಳವಾರ ಬೆಳಿಗ್ಗೆ?"

ಫೋಟೋದಲ್ಲಿ ತಲೆ ಬೋಳಾದ, ನಾಚಿಕೆಯ ನಗೆಯ ಗಂಡಸು. ಇಸ್ತ್ರಿ ಅಕ್ಕ ಇಲ್ಲವೆಂದು ತಲೆಯಾಡಿಸಿ, ಹೊರಡಲೆಂದು ಪೆಡಲಿಗೆ ಕಾಲಿಟ್ಟಾಗ ಹೆಬ್ಬೆರಳು ತಾಗಿ ಗಂಟೆ ಟಿಣ್ ಎಂದಿತು.

"ನೀವು... ನೀವು ಗಂಟೆ ಅಕ್ಕ ಅಲ್ವಾ?" ಹೆಂಗಸು ಹ್ಯಾಂಡಲ್ ಹಿಡಿದುಕೊಂಡಳು. "ಎರಡು ಸಲ ಬಾರಿಸ್ತೀರಂತಲ್ಲ. 'ಇವತ್ತು ಗಂಟೆ ಅಕ್ಕ ಬೇಗ ಸಿಕ್ರು, ಇವತ್ತು ಲೇಟು' ಅಂತ ದಿನಾ ಬಂದು ಹೇಳೋರು. ಕೆಂಪು ಟೋಪಿ ಹಾಕ್ತಿದ್ರು, ಅಕ್ಕ."

ಇಸ್ತ್ರಿ ಅಕ್ಕ ಪೆಡಲಿನಿಂದ ಕಾಲು ಕೆಳಗಿಟ್ಟಳು. ಹಾಕ್ತಿದ್ರು.

ಹೆಂಗಸು ಹೇಳಿದಳು. ಮಂಗಳವಾರ ಏಳೂವರೆಗೆ ಯಾರೋ ಆಂಬುಲೆನ್ಸಿಗೆ ಫೋನ್ ಮಾಡಿದರಂತೆ. ಇದೇ ಗೋಡೆಯ ಕೆಳಗೆ ಬಿದ್ದಿದ್ದರಂತೆ. ಹೃದಯ. ಒಂದು ಗಂಟೆ ಮುಂಚೆ ತಂದಿದ್ದರೆ ನೋಡಬಹುದಿತ್ತು ಎಂದರಂತೆ ಡಾಕ್ಟರು. "ಪಕ್ಕದಲ್ಲಿ ಬಾಟಲಿ ಬಿದ್ದಿತ್ತಲ್ಲ, ಕುಡಿದು ಮಲಗಿದಾನೆ ಅಂತ ಜನ ದಾಟ್ಕೊಂಡು ಹೋಗಿದಾರೆ. ಕಾರ್ಖಾನೇಲೂ ಈಗ ಅದೇ ಮಾತು. ಅದು ಅಲ್ಲಿಂದಲೇ ತಂದ ಸೊಟ್ಟ ಬಾಟಲಿ, ಅಕ್ಕ. ನೀರು ತುಂಬ್ಕೊಳ್ಳೋರು. ನಾಲಿಗೆ ಮೇಲೆ ಒಂದು ಹನಿ ಬಿಟ್ಕೊಂಡೋರಲ್ಲ." ಉಸಿರು ಎಳೆದುಕೊಂಡಳು. "ಎಷ್ಟು ಹೊತ್ತಿಗೆ ಶುರುವಾಯ್ತು ಅಂತ ಗೊತ್ತಾದ್ರೆ ಸಾಕು ನಂಗೆ. ಎಷ್ಟು ಹೊತ್ತು ಒಬ್ಬರೇ ಇದ್ರು ಅಂತ."

ಮಂಗಳವಾರ. ತುಂತುರು ಮಳೆ. ಇಸ್ತ್ರಿ ಅಕ್ಕನಿಗೆ ನೆನಪಾಯಿತು, ಸ್ಪಷ್ಟವಾಗಿಯೇ.

"ಅವತ್ತೂ ಸಿಕ್ಕಿದ್ರು ಕಣಮ್ಮ. ಆರು ಹತ್ತಕ್ಕೆ. ಸೈಕಲ್ ಗೋಡೆಗೆ ಒರಗಿಸಿ ಸುಧಾರಿಸ್ಕೊಳ್ತಾ ಕೂತಿದ್ರು. ದಿನದ ಹಾಗೆ ಕೈ ಎತ್ತಿದ್ರು, ನಾನೂ ಎತ್ತಿದೆ. ಚೆನ್ನಾಗೇ ಇದ್ರು."

"ಚೆನ್ನಾಗಿದ್ರಾ?" ಹೆಂಗಸಿನ ಮುಖ ಬಿಚ್ಚಿಕೊಂಡಿತು. "ಹಾಗಾದ್ರೆ ಆಮೇಲೇ ಆಗಿರೋದು. ಬೇಗ ಆಗಿಹೋಗಿದೆ." ಅವಳ ಕಣ್ಣು ಹ್ಯಾಂಡಲ್ಲಿನ ಮೇಲೆ ನಿಂತಿತು. "ಅಕ್ಕಾ, ಇದು ಕ್ಯಾಮೆರಾ ಅಲ್ವಾ? ಇದರಲ್ಲಿ ಅವರು ಇರ್ತಾರಾ?"

"ಇರಬಹುದು. ಹುಡುಕಿ ತಂದುಕೊಡ್ತೀನಿ," ಎಂದಳು ಇಸ್ತ್ರಿ ಅಕ್ಕ, ತುಂಬಿದ ಮನಸ್ಸಿನಿಂದ. ಬದುಕಿದ್ದಾಗಿನ ಕೊನೆಯ ಚಿತ್ರ. ಅಷ್ಟಾದರೂ ತನ್ನ ಕೈಲಾಗುತ್ತದಲ್ಲ. ಹೆಂಗಸು ವಿಳಾಸ ಹೇಳಿದಳು: ಬಾಟಲಿ ಕಾರ್ಖಾನೆಯ ಹಿಂದೆ, ಮೂರನೇ ಸಾಲು, ನೀಲಿ ಬಾಗಿಲು.

ಸಂಜೆ ಮನೆಗೆ ಬಂದವಳೇ ಕಾರ್ಡು ಕಿತ್ತು ಗಂಡನ ಕೈಗಿಟ್ಟಳು. ಆ ವಾರವೆಲ್ಲ ಡ್ರೈವರಿಗೆ ಜ್ವರ, ಟಿ.ವಿ. ಹಾಕಿರಲಿಲ್ಲ. ಇನ್ನೊಂದು ದಿನ ಕಳೆದಿದ್ದರೆ ಮಂಗಳವಾರದ ಮೇಲೆ ಶುಕ್ರವಾರ ಕೂತುಬಿಡುತ್ತಿತ್ತು. ಎಲ್ಲ ತುಂಡುಗಳ ಮೇಲೂ ಒಂದೇ ಸುಳ್ಳು ತಾರೀಕು. ಮಳೆ ಹನಿ ಬಿದ್ದ ಗಾಜನ್ನು ಹುಡುಕುತ್ತ ಹೋದರು.

"ಸಿಕ್ತು. ಸೇತುವೆ ಹತ್ತುತಾ ಇದೀಯ ನೋಡು."

ಮೊದಲು ಕಂಡದ್ದು ಸೈಕಲ್. ಅದು ಗೋಡೆಗೆ ಒರಗಿರಲಿಲ್ಲ. ರಸ್ತೆಯ ಮೇಲೆ ಅಡ್ಡ ಬಿದ್ದು, ಮುಂದಿನ ಚಕ್ರ ತಿರುಚಿಕೊಂಡಿತ್ತು. ಗೋಡೆಗೆ ಒರಗಿದ್ದವನು ಅವನು. ಕಾಲು ಎರಡೂ ಮುಂದಕ್ಕೆ ಚಾಚಿ, ಎಡಗೈಯಿಂದ ಅಂಗಿಯ ಎದೆಭಾಗವನ್ನು ಮುಷ್ಟಿಯಲ್ಲಿ ಹಿಡಿದಿದ್ದ. ಟೋಪಿ ಮೊಣಕಾಲಿನ ಮೇಲಿತ್ತು. ಪಕ್ಕದಲ್ಲಿ ಬಿರಡೆ ಹಾಕಿದ ಬಾಟಲಿ, ಅರ್ಧ ನೀರು. ಒಂದು ಬಸ್ಸು ಅವನ ಪಕ್ಕದಲ್ಲೇ ಹೋಯಿತು. ಎರಡು ಬೈಕು ಹೋದವು. ಅವನು ಅಲುಗಲಿಲ್ಲ. ಆಮೇಲೆ ತಲೆ ಎತ್ತಿ ನೇರ ಕ್ಯಾಮೆರಾದ ಕಡೆ ನೋಡಿದ. ಬಲಗೈ ಮೇಲೇಳಿತು.

ಅದು ದಿನದ ಕೈಯಲ್ಲ. ದಿನದ ಕೈ ಮೇಲೆ ಹೋಗಿ ಕೆಳಗೆ ಬರುತ್ತಿತ್ತು. ಈ ಕೈ ಮೇಲೆಯೇ ನಿಂತಿತ್ತು. ಬೆರಳುಗಳು ಒಳಮುಖವಾಗಿ ಮಡಚಿ ಬಿಚ್ಚುತ್ತಿದ್ದವು. ಬಾಯಿ ತೆರೆದು ಮುಚ್ಚಿತು. ಗೂಡಿನೊಳಗಿನ ಕ್ಯಾಮೆರಾ ಗೊರಗೊರ ಎಂದಿತಷ್ಟೆ.

ಅಷ್ಟರಲ್ಲಿ ಚಿತ್ರದ ಬಲ ಅಂಚಿನಿಂದ ಇನ್ನೊಂದು ಕೈ ಎದ್ದಿತು. ಅವಳದೇ. ಉಲ್ಲಾಸದಿಂದ ಎದ್ದು, ಆಡಿ, ಹ್ಯಾಂಡಲ್ಲಿಗೆ ಮರಳಿತು. ಅವನು ಗೋಡೆ ಬಿಟ್ಟು ಮುಂದಕ್ಕೆ ಬಾಗಿದ, ಏಳಲು ಹೊರಟವನಂತೆ. ಚಿತ್ರದ ಅಂಚಿನಲ್ಲಿ ಅವನ ದೇಹ ಬಾಗಿ, ಉದ್ದವಾಗಿ, ಕೈಯೊಂದೇ ಉಳಿದು, ಅದೂ ಹೋಯಿತು. ಮುಂದೆ ಖಾಲಿ ರಸ್ತೆ.

ಅವನ ಕೈ ಎದ್ದಾಗಿನಿಂದ ಎಲ್ಲ ಸೇರಿ ನಾಲ್ಕು ಸೆಕೆಂಡು.

ಡ್ರೈವರು ನಿಲ್ಲಿಸಿದರು. ಒಲೆಯ ಮೇಲೆ ನೀರು ಉಕ್ಕಿ ಚುರ್ ಎಂದಿತು, ಯಾರೂ ಏಳಲಿಲ್ಲ.

"ಬಸ್ಸು ನಿಲ್ಲಿಸಲಿಲ್ಲ," ಎಂದರು ಕೊನೆಗೆ. "ನಾನು ಮೂವತ್ತು ವರ್ಷ ಓಡಿಸಿದವನು ಹೇಳ್ತೀನಿ, ಆ ಎತ್ತರದಿಂದ ಚೆನ್ನಾಗಿ ಕಾಣುತ್ತೆ. ಬೈಕಿನವರೂ ನಿಲ್ಲಿಸಲಿಲ್ಲ. ನೀನೊಬ್ಬಳೇ ಅಲ್ಲ."

"ಅವರಿಗೆಲ್ಲ ಅವನು ಕೈ ಎತ್ತಲಿಲ್ಲ ರೀ."

ಅವಳು ಆಗ ಎಲ್ಲಿಗೆ ಹೋಗುತ್ತಿದ್ದಳು? ಆಸ್ಪತ್ರೆಗೆ. ಹನ್ನೆರಡು ನಿಮಿಷದ ದಾರಿ. ಗೇಟಿನಲ್ಲಿ ನಿಂತು ಒಂದು ಕೂಗು ಹಾಕಿದ್ದರೆ ಸ್ಟ್ರೆಚರಿನವರು ಓಡಿಬರುತ್ತಿದ್ದರು, ಎಲ್ಲರೂ ಗೊತ್ತಿದ್ದವರೇ. ಅದರ ಬದಲು ಒಳಗೆ ಹೋಗಿ ಇಸ್ತ್ರಿ ಮೇಜಿನ ಸ್ವಿಚ್ಚು ಹಾಕಿದ್ದಳು. ಅವತ್ತು ಮಧ್ಯಾಹ್ನ ತುರ್ತು ವಿಭಾಗದ ಚಾದರಗಳು ಬಂದಿದ್ದವು. ಇಪ್ಪತ್ತೊಂಬತ್ತು. ಅವನನ್ನು ಮಲಗಿಸಿದ್ದೂ ಅವುಗಳಲ್ಲೇ ಇದ್ದಿರಬೇಕು. ಮೂಲೆಗೆ ಮೂಲೆ ಸೇರಿಸಿ, ತಾನೇ ಮಡಿಸಿದ್ದಳು.

"ಅಳಿಸಿಬಿಡ್ತೀನಿ," ಎಂದರು ಡ್ರೈವರು. "ಹಳೇದೆಲ್ಲ ಹೋಗಿದೆ, ಸಿಗಲಿಲ್ಲ ಅಂತ ಹೇಳು. ಆ ಹೆಣ್ಣುಮಗಳು 'ಚೆನ್ನಾಗಿದ್ರು' ಅನ್ನೋ ಒಂದು ಮಾತು ಹಿಡ್ಕೊಂಡು ಇವತ್ತು ನಿದ್ದೆ ಮಾಡ್ತಾಳೆ. ಅದನ್ನೂ ಕಿತ್ಕೊಂಡು ಬರ್ತೀಯಾ? ನಿನ್ನ ಎದೆಭಾರ ಇಳಿಸ್ಕೊಳ್ಳೋಕೆ ಅವಳ ತಲೆ ಮೇಲೆ ಹೊರಿಸ್ತೀಯಾ?"

ಮಾತು ಸರಿಯಾಗಿಯೇ ಇತ್ತು. ಮೂವತ್ತೊಂದು ವರ್ಷದ ಸಂಸಾರದಲ್ಲಿ ಅವರು ಅವಳನ್ನು ಕಾಪಾಡಲು ಆಡಿದ ಮಾತುಗಳಲ್ಲಿ ಇಷ್ಟು ಸರಿಯಾದದ್ದು ಇನ್ನೊಂದಿರಲಿಲ್ಲ. ಅದಕ್ಕೇ ಅವಳಿಗೆ ಅಳು ಬಂತು.

"ಬಾಟಲಿಯಲ್ಲಿ ನೀರಿದೆ ರೀ," ಎಂದಳು. "ಅದು ಕಾಣುತ್ತೆ."

ಡ್ರೈವರು ರಿಮೋಟನ್ನು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಕಾರ್ಡನ್ನು ತೆಗೆದು, ತಮ್ಮ ಜ್ವರದ ಮಾತ್ರೆಯ ಖಾಲಿ ಡಬ್ಬಿಯಲ್ಲಿ ಹಾಕಿ ಮುಚ್ಚಳ ತಿರುಗಿಸಿದರು. ಅಳಿಸಲಿಲ್ಲ, ಕೊಡಲೂ ಇಲ್ಲ. ಕಿಟಕಿಯ ಮೇಲಿಟ್ಟರು.

ಶುಕ್ರವಾರ, ಶನಿವಾರ ಅವಳು ಸೇತುವೆಯ ದಾರಿ ಹಿಡಿಯಲಿಲ್ಲ. ರೈಲು ಗೋದಾಮಿನ ಹಿಂದಿನಿಂದ ಸುತ್ತು ಹಾಕಿ, ಇಪ್ಪತ್ತು ನಿಮಿಷ ತಡವಾಗಿ ಹೋದಳು. ಕೆಲಸದ ಜೊತೆಗಾತಿ ಏನೂ ಕೇಳದೆ ಅವಳ ಪಾಲಿನ ಒದ್ದೆ ಮೂಟೆಗಳನ್ನೂ ಎಳೆದು ಮೇಜಿಗೆ ಹಾಕಿದ್ದಳು. ಹಗಲು ಹೇಗೋ ಕಳೆಯಿತು. ಆದರೆ ಬಿಳಿ ಬಟ್ಟೆಯನ್ನು ಝಾಡಿಸಿದಾಗೆಲ್ಲ ಅದರ ತುದಿ ಒಂದು ಗಳಿಗೆ ಗಾಳಿಯಲ್ಲಿ ನಿಲ್ಲುತ್ತಿತ್ತು, ಮತ್ತು ಅವಳು ಅದನ್ನು ತಟ್ಟನೆ ಮೇಜಿಗೆ ಒತ್ತಿ ಹಿಡಿಯುತ್ತಿದ್ದಳು. ಶನಿವಾರ ಸಂಜೆ ರಸ್ತೆ ಗುಡಿಸುವವಳು ಆಸ್ಪತ್ರೆಯ ಗೇಟಿನ ಹತ್ತಿರ ಸಿಕ್ಕಳು.

"ಏನಕ್ಕ, ದಾರಿ ಬದಲಾಯಿಸಿಬಿಟ್ರಾ? ಆ ಫೋಟೋ ಹಿಡಿದೋಳು ನಿಮ್ಮನ್ನೇ ಕಾಯ್ತಾ ಇದಾಳೆ. ಜನ ನೋಡಿ, ಇವತ್ತು ಒಬ್ಬ ಅವಳ ಎದುರಿಗೇ ಹೇಳ್ದ, ಕುಡುಕನಿಗೆ ಇಷ್ಟೊಂದು ಮೆರವಣಿಗೆ ಯಾಕೆ ಅಂತ. ಪೊರಕೇಲಿ ಬಾರಿಸೋಣ ಅನ್ನಿಸ್ತು. ಅವಳು ಮಾತ್ರ, ಗಂಟೆ ಅಕ್ಕ ತರ್ತಾರೆ, ಆಗ ನೋಡಿ ಅಂದ್ಲು."

ಭಾನುವಾರ ರಜೆ. ಬೆಳಿಗ್ಗೆ ಎದ್ದು ಅವಳು ಡಬ್ಬಿಯನ್ನು ಕಿಟಕಿಯಿಂದ ತೆಗೆದುಕೊಂಡಾಗ ಡ್ರೈವರು ನೋಡಿದರು. "ಬ್ಯಾಟರಿ ಚಾರ್ಜ್ ಮಾಡಿಟ್ಟಿದೀನಿ," ಎಂದರು. "ಅಲ್ಲೇ ತೋರಿಸಬಹುದು." ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು.

ನೀಲಿ ಬಾಗಿಲನ್ನು ತೆರೆದವಳು ಎತ್ತರದ, ಗಟ್ಟಿ ಮೈಯ ವಯಸ್ಸಾದ ಹೆಂಗಸು. ಸತ್ತವನ ಅಕ್ಕ. ಒಂದು ಕೋಣೆ, ಅದರಾಚೆ ಇನ್ನೊಂದು ಪುಟ್ಟ ಕೋಣೆ. ಕಿಟಕಿಯಲ್ಲಿ ಸಾಲಾಗಿ ಸೊಟ್ಟ ಬಾಟಲಿಗಳು. ಕುತ್ತಿಗೆ ವಾಲಿದವು, ಹೊಟ್ಟೆ ಉಬ್ಬಿದವು. ಒಂದರಲ್ಲಿ ಎಣ್ಣೆ, ಒಂದರಲ್ಲಿ ಗುಂಡಿಗಳು, ಒಂದರಲ್ಲಿ ಹಸಿರು ಬಳ್ಳಿ. ಮೊಳೆಗೆ ಕೆಂಪು ಟೋಪಿ.

ಹೆಂಡತಿ ಒಳಗಿನಿಂದ ಓಡಿಬಂದಳು. "ಬಂದ್ರಾ ಅಕ್ಕ! ಅತ್ತಿಗೆ, ನಾನು ಹೇಳಿರಲಿಲ್ವಾ? ಕೂತ್ಕೊಳ್ಳಿ."

ಇಸ್ತ್ರಿ ಅಕ್ಕ ಕೂರಲಿಲ್ಲ. "ಮೊದಲು ನಾನು ಹೇಳಿಬಿಡ್ತೀನಿ, ಆಮೇಲೆ ನೋಡಿ. ನಾನು ಅವತ್ತು ನಿಮಗೆ ಹೇಳಿದ್ದು ಸುಳ್ಳು. ಬೇಕಂತ ಹೇಳಿದ್ದಲ್ಲ. ಅವರು ಚೆನ್ನಾಗಿರಲಿಲ್ಲ. ನನ್ನನ್ನ ಕರೀತಾ ಇದ್ರು. ನಾನು ದಿನದ ಹಾಗೆ ಅಂದ್ಕೊಂಡು ಕೈ ಆಡಿಸಿ ಆಸ್ಪತ್ರೆಗೆ ಕೆಲಸಕ್ಕೆ ಹೊರಟುಹೋದೆ."

ಕ್ಯಾಮೆರಾದ ಬೆನ್ನಿಗೆ ಎರಡು ಬೆರಳಗಲದ ಪರದೆ. ಹೆಂಡತಿ ಅದನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. ಅತ್ತಿಗೆ ಅವಳ ಭುಜದ ಮೇಲಿಂದ ಬಗ್ಗಿದಳು. ಮುಗಿಯಿತು. ಹೆಂಡತಿ ಮತ್ತೆ ಹಾಕಲು ಹೇಳಿದಳು. ಮೂರನೇ ಸಲಕ್ಕೆ ತಾನೇ ಗುಂಡಿ ಒತ್ತುವುದನ್ನು ಕಲಿತಳು.

"ಕಣ್ಣಿರಲಿಲ್ವಾ ನಿಮಗೆ?" ಅತ್ತಿಗೆಯ ದನಿ ಮನೆ ತುಂಬಿತು. "ಸೈಕಲ್ ರಸ್ತೇಲಿ ಬಿದ್ದಿದೆ! ಎದೆ ಹಿಡ್ಕೊಂಡಿದಾನೆ! ದಾರಿ ಬದೀಲಿ ನಾಯಿಮರಿ ಕುಂಯ್ ಅಂದ್ರೂ ಜನ ತಿರುಗಿ ನೋಡ್ತಾರೆ. ನೀವು ಟಾಟಾ ಮಾಡ್ಕೊಂಡು ಹೋದ್ರಾ? ಆಸ್ಪತ್ರೇಲಿ ಕೆಲಸ ಮಾಡೋರಂತೆ! ಯಾವ ಮುಖ ಹೊತ್ಕೊಂಡು ಬಂದ್ರಿ ಇಲ್ಲಿಗೆ?"

ಇಸ್ತ್ರಿ ಅಕ್ಕ ತಲೆ ತಗ್ಗಿಸಿ ನಿಂತಳು.

"ಅತ್ತಿಗೆ, ನೀರು," ಎಂದಳು ಹೆಂಡತಿ ಮೆಲ್ಲಗೆ. ಉಗುರಿನಿಂದ ಪರದೆಯನ್ನು ಮುಟ್ಟಿ ತೋರಿಸಿದಳು. "ಬಾಟಲಿಯಲ್ಲಿ ನೀರು. ಬಿರಡೆ ಕೂಡ ಹಾಕಿದೆ. ನೋಡಿ." ಆಮೇಲೆ ಇಸ್ತ್ರಿ ಅಕ್ಕನ ಕಡೆ ತಿರುಗಿದಳು. ಕಣ್ಣು ಒಣಗಿತ್ತು. "ಅವರಿಗೆ ಯಾರ ಹತ್ರಾನೂ ಏನೂ ಕೇಳಿ ಗೊತ್ತಿಲ್ಲ. ಬಸ್ಸು ಬಂದಾಗ ಕೈ ಎತ್ತಲೇ ಇಲ್ಲ, ನೋಡಿದ್ರಲ್ಲ. ನಿಮ್ಮನ್ನ ನೋಡಿ ಎತ್ತಿದಾರೆ. ಆ ರಸ್ತೇಲಿ ನನಗೆ ಒಬ್ಬರು ಪರಿಚಯ ಇದಾರೆ ಅಂತ ಹೇಳ್ತಿದ್ರು."

"ಇದು ನಂಗೆ ಬೇಕು," ಎಂದಳು ಮತ್ತೆ ಪರದೆಯತ್ತ ಬಗ್ಗಿ. "ಕಾರ್ಖಾನೆಯವರಿಗೆ ತೋರಿಸ್ತೀನಿ. ಸೇತುವೆ ಮೇಲೆ ಮಾತಾಡಿದೋನಿಗೂ ತೋರಿಸ್ತೀನಿ."

"ಇಟ್ಕೊಳ್ಳಿ. ಕ್ಯಾಮೆರಾನೂ ಇಟ್ಕೊಳ್ಳಿ. ನಾನು ಬೇಕಾದ್ರೆ ಬಂದು ಎಲ್ಲರ ಎದುರಿಗೂ ಹೇಳ್ತೀನಿ. ನೀವು ಯಾವಾಗ ಕರೆದ್ರೂ."

ಹೆಂಡತಿ ಕ್ಯಾಮೆರಾವನ್ನು ಎರಡು ಕೈಯಲ್ಲೂ ಮುಚ್ಚಿ ಹಿಡಿದು ಒಳಕೋಣೆಗೆ ಹೋದಳು. ಬಾಗಿಲು ಸದ್ದಿಲ್ಲದೆ ಮುಚ್ಚಿತು. ಚಿಲಕ ಬಿದ್ದದ್ದು ಮಾತ್ರ ಕೇಳಿಸಿತು.

ಇಸ್ತ್ರಿ ಅಕ್ಕ ಹೊರಗೆ ಬಂದಳು. ಸೈಕಲ್ಲಿನ ಬೀಗಕ್ಕೆ ಕೀಲಿ ಹಾಕಲು ಹೋದರೆ ರಂಧ್ರ ಸಿಗಲೊಲ್ಲದು. ಕೀಲಿ ಕೆಳಗೆ ಬಿತ್ತು, ಎತ್ತಿಕೊಂಡಳು, ಮತ್ತೆ ಬಿತ್ತು. ಪಕ್ಕದ ಮನೆಯ ಮೆಟ್ಟಿಲ ಮೇಲಿದ್ದ ಮುದುಕ ಕಂಡೂ ಕಾಣದವನಂತೆ ಪೇಪರನ್ನು ಮೇಲಕ್ಕೆತ್ತಿ ಮುಖ ಮರೆಮಾಡಿಕೊಂಡ. ಅವಳು ಸೈಕಲ್ ಪಕ್ಕದಲ್ಲೇ ಕಟ್ಟೆಯ ಅಂಚಿಗೆ ಕುಸಿದು ಕೂತಳು. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಹೋಗಿರಲಿಲ್ಲ. ಗುರುವಾರದಿಂದ ಸರಿಯಾಗಿ ಏನೂ ಹೋಗಿರಲಿಲ್ಲ.

ನೀಲಿ ಬಾಗಿಲು ಮತ್ತೆ ತೆರೆಯಿತು. ಬಂದವಳು ಅತ್ತಿಗೆ. ಇನ್ನೂ ಬೈಗುಳ ಉಳಿದಿರಬೇಕು ಎಂದು ಇಸ್ತ್ರಿ ಅಕ್ಕ ತಲೆ ಎತ್ತಿದಳು. ಅತ್ತಿಗೆಯ ಮುಖದಲ್ಲಿ ಸಿಟ್ಟು ಹಾಗೆಯೇ ಇತ್ತು, ಕಣ್ಣು ಕೆಂಪಾಗಿತ್ತು. ಅವಳು ಇವಳ ಮುಖ ನೋಡಲಿಲ್ಲ. ಬಗ್ಗಿ ಮಣ್ಣಿನಿಂದ ಕೀಲಿ ಎತ್ತಿ, ಬೀಗ ತೆಗೆದಳು. ಆಮೇಲೆ ಒಳಗೆ ಹೋಗಿ, ಬೇಯಿಸಿದ ಆಲೂಗಡ್ಡೆ, ಎರಡು ತುಂಡು ಬ್ರೆಡ್ಡು, ಸುಲಿದ ಮೊಟ್ಟೆ ಇಟ್ಟ ಬಿಸಿ ತಟ್ಟೆಯೊಂದನ್ನು ತಂದು ಅವಳ ಕೈಗಿಟ್ಟಳು.